ಸಮುದ್ರಕ್ಕೆ ಹೊರಟ ಕೋಲಾರದವರು: ಡಾಕ್ಟ್ರು ಮೇಡಂ ಜೊತೆ ಒಂದು ಸಂಜೆ

ಅಡ್ಮಿನ್, 5:00
ಎಲ್ಲರಿಗೂ ನಮಸ್ಕಾರ. ಕ್ರಿಸ್‌ಮಸ್ ರಜಾ ಬಂತು. ನಮ್ಮ ವಾಟ್ಸಾಪ್ ಗ್ರೂಪಲ್ಲೇ ಏನಿಲ್ಲ ಅಂದ್ರೂ ಇಪ್ಪತ್ತು ಮನೆಯವರು ಗೋಕರ್ಣ, ಮುರ್ಡೇಶ್ವರ, ಗೋವಾ ಅಂತ ಬ್ಯಾಗ್ ಕಟ್ತಿದೀರಿ. ಅದಕ್ಕೇ ಇವತ್ತು ನಮ್ಮ ಮಕ್ಕಳ ಡಾಕ್ಟ್ರು ಮೇಡಂನ ಏಳು ಗಂಟೆವರೆಗೂ ಹಿಡಿದು ಕೂರಿಸಿದೀನಿ. ಹುಟ್ಟಿದ್ದು ಕೋಲಾರ ಆದ್ರೂ ಹೌಸ್‌ಸರ್ಜನ್ ಆಗಿದ್ದು ಕರಾವಳಿಯಲ್ಲಿ, ಎರಡೂ ಕಡೆ ಗೊತ್ತು. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಹಾಕಬೇಡಿ, ಕೈ ಮುಗೀತೀನಿ.

ಟೊಮ್ಯಾಟೊ ಮಂಡಿ, 5:04
ಮೇಡಂ ನಮಸ್ತೆ. ಟಿಟಿ ಗಾಡಿ ಮಾಡ್ಕೊಂಡು ಹದಿನಾಲ್ಕು ಜನ ಗೋಕರ್ಣಕ್ಕೆ ಹೋಗ್ತಿದೀವಿ. ಆರು ಮಕ್ಕಳು, ನಮ್ಮ ಅತ್ತೆ, ಎಂಟು ತಿಂಗಳ ಕೂಸು ಒಂದು. ಏನೇನು ಔಷಧಿ ಇಟ್ಕೋಬೇಕು?

ಡಾಕ್ಟ್ರು, 5:11
ನಮಸ್ತೆ ಅಣ್ಣ. ಪ್ಯಾರಾಸಿಟಮಾಲ್ (ಮಗುವಿನ ತೂಕ ಹೇಳಿ ಡೋಸ್ ಬರೆಸಿಕೊಳ್ಳಿ), ಓಆರ್‌ಎಸ್ ಪುಡಿ ಹತ್ತು ಪ್ಯಾಕೆಟ್, ಗಾಯಕ್ಕೆ ಹತ್ತಿ ಬ್ಯಾಂಡೇಜು, ಒಂದು ಥರ್ಮಾಮೀಟರ್. ಓಆರ್‌ಎಸ್ ಅಂದ್ರೆ ಒಂದು ಲೀಟರ್ ನೀರಿಗೆ ಕಲಸುವ ಪುಡಿ, ಟೆಟ್ರಾ ಪ್ಯಾಕಿನ ಸಿಹಿ ಜ್ಯೂಸ್ ಅಲ್ಲ. ಆ ಜ್ಯೂಸುಗಳ ಮೇಲೆ ಓಆರ್‌ಎಸ್ ಅಂತ ಬರೆಯಬಾರದು ಅಂತ 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಆದೇಶವನ್ನೇ ಮಾಡಿತು. ಭೇದಿ ಆಗುತ್ತಿರೋ ಮಗುವಿಗೆ ಅದನ್ನು ಕುಡಿಸಿದರೆ ಭೇದಿ ಇನ್ನೂ ಜಾಸ್ತಿ ಆಗಬಹುದು.

ಔಷಧಿಗಿಂತ ಮುಖ್ಯವಾದ್ದು ಒಂದಿದೆ. ಆರು ಮಕ್ಕಳಿಗೆ ನೀರಿನ ಹತ್ತಿರ ಯಾರು ಕಾವಲು ಅಂತ ಹೆಸರು ಹಿಡಿದು ಈಗಲೇ ನಿಗದಿ ಮಾಡಿ. ಏಳು ಜನ ದೊಡ್ಡವರಿದ್ದೀವಿ ಅಂದ್ರೆ ಯಾರೂ ನೋಡ್ತಿಲ್ಲ ಅಂತಲೇ ಅರ್ಥ. ಇಪ್ಪತ್ತು ನಿಮಿಷಕ್ಕೆ ಒಬ್ಬರು, ಕೈಯಲ್ಲಿ ಮೊಬೈಲ್ ಇಲ್ಲ.

ಬಂಗಾರಪೇಟೆ ಅಕ್ಕ, 5:13
ಮೇಡಂ ನಮ್ಮ ಮಗಳಿಗೆ ಬಸ್ಸಲ್ಲಿ ಘಾಟಿ ಬಂದ್ರೆ ವಾಂತಿ. ಏನು ಕೊಡಬೇಕು? ಏಳು ವರ್ಷ.

ಶ್ರೀನಿವಾಸಪುರ ಮಾವು, 5:14
ಸನ್‌ಸ್ಕ್ರೀನ್ ಎಷ್ಟು ನಂಬರಿನದು ತಗೋಬೇಕು ಮೇಡಂ?

ಡಾಕ್ಟ್ರು, 5:17
ಎಸ್‌ಪಿಎಫ್ 30 ಅಥವಾ ಮೇಲೆ. ಬಿಸಿಲಿಗೆ ಹೋಗುವ ಕಾಲು ಗಂಟೆ ಮೊದಲು ಧಾರಾಳವಾಗಿ, ಆಮೇಲೆ ಎರಡು ಗಂಟೆಗೊಮ್ಮೆ, ನೀರಿಂದ ಬಂದ ಮೇಲೆ ಮತ್ತೆ. ಆರು ತಿಂಗಳೊಳಗಿನ ಕೂಸಿಗೆ ಹಚ್ಚಬೇಡಿ, ನೆರಳು ಮತ್ತು ತುಂಬು ತೋಳಿನ ಬಟ್ಟೆ ಸಾಕು.

ಕ್ಲಾಕ್ ಟವರ್ ಗೆಳೆಯ, 5:19
ಕೊಬ್ಬರಿ ಎಣ್ಣೆ ಹಚ್ಚಿದ್ರೆ ಸನ್‌ಸ್ಕ್ರೀನೇ ಬೇಡ ಅಂತ ಬಂದಿತ್ತು ಮೇಡಂ, ನಮ್ಮ ಹಿರಿಯರೇನು ಸನ್‌ಸ್ಕ್ರೀನ್ ಹಚ್ತಿದ್ರಾ

ಡಾಕ್ಟ್ರು, 5:20
ನಮ್ಮ ಹಿರಿಯರು ಮಧ್ಯಾಹ್ನ ಹನ್ನೆರಡಕ್ಕೆ ಚಡ್ಡಿ ಹಾಕ್ಕೊಂಡು ಮರಳ ಮೇಲೆ ಮಲಗ್ತಾ ಇರಲಿಲ್ಲ. ಕೊಬ್ಬರಿ ಎಣ್ಣೆ ಸಾಲದು.

ಹಾಲಿನ ಡೇರಿ, 5:26
ಮೇಡಂ ನಾವು ಅಂಡಮಾನ್ ಬುಕ್ ಮಾಡಿದೀವಿ, ಹ್ಯಾವ್‌ಲಾಕ್. ಜೆಲ್ಲಿ ಫಿಶ್ ಕುಟುಕುತ್ತೆ ಅಂತಾರೆ. ಮಗಳಿಗೆ 9 ವರ್ಷ, ಸ್ಕೂಬಾ ಮಾಡಿಸಬಹುದಾ? ಎರಡು ಪ್ರಶ್ನೆ ಆಯ್ತು, ಕ್ಷಮಿಸಿ.

ಡಾಕ್ಟ್ರು, 5:38
ಸ್ಕೂಬಾ ಕೋರ್ಸಿಗೆ ಸಾಮಾನ್ಯವಾಗಿ 10 ವರ್ಷ ತುಂಬಿರಬೇಕು, ಈ ವರ್ಷ ಬಿಡಿ. ನೀವು ಮಾಡೋದಾದ್ರೆ ನೆಗಡಿ ಇದ್ದಾಗ ಇಳಿಯಬೇಡಿ, ಕಿವಿಗೆ ಏಟು. ಮತ್ತೆ ಸ್ಕೂಬಾ ಆಗಿ ಒಂದು ಹಗಲು ಒಂದು ರಾತ್ರಿ ಕಳೆಯುವವರೆಗೆ ವಿಮಾನ ಹತ್ತಬೇಡಿ. ಕೊನೇ ದಿನಕ್ಕೆ ಸ್ಕೂಬಾ ಇಟ್ಟುಕೊಂಡಿದ್ರೆ ಮೊದಲ ದಿನಕ್ಕೆ ಬದಲಾಯಿಸಿ.

ಜೆಲ್ಲಿ ಫಿಶ್ ಕುಟುಕಿದರೆ ನೀರಿಂದ ಆಚೆ ಬನ್ನಿ. ಸಮುದ್ರದ ನೀರಿನಲ್ಲೇ ತೊಳೆಯಿರಿ, ಬಾಟಲಿಯ ಸಿಹಿನೀರು ಬೇಡ. ಅಂಟಿಕೊಂಡ ದಾರದಂಥ ಎಳೆಗಳನ್ನು ಚಿಮಟದಿಂದ ಎತ್ತಿ ತೆಗೆಯಿರಿ. ಆಮೇಲೆ ತಾಳುವಷ್ಟು ಬಿಸಿನೀರಿನಲ್ಲಿ (ಸುಮಾರು 40ರಿಂದ 45 ಡಿಗ್ರಿ, ಮೊದಲು ನಿಮ್ಮ ಕೈ ಇಟ್ಟು ನೋಡಿ) ಇಪ್ಪತ್ತು ನಿಮಿಷಕ್ಕೆ ಕಡಿಮೆ ಇಲ್ಲದಂತೆ ಅದ್ದಿಡಿ, ನೋವು ಇಳಿಯುತ್ತೆ. ಮರಳು ಹಾಕಿ ಉಜ್ಜಬೇಡಿ. ಉಸಿರಾಟಕ್ಕೆ ತೊಂದರೆ, ಎದೆನೋವು, ಮೈಯೆಲ್ಲಾ ಊತ, ಅಥವಾ ಕುಟುಕಿದ ಬರೆ ತೋಳಿನುದ್ದ ಇದ್ದರೆ ಆಸ್ಪತ್ರೆ. ಅಂಡಮಾನಿನ ಕೆಲವು ಬೀಚಿನಲ್ಲಿ ಮೊಸಳೆ ಎಚ್ಚರಿಕೆಯ ಬೋರ್ಡು ಇರುತ್ತೆ, ಅದು ಫೋಟೋಗೆ ಅಲ್ಲ.

ಕ್ಲಾಕ್ ಟವರ್ ಗೆಳೆಯ, 5:40
ಜೆಲ್ಲಿ ಫಿಶ್‌ಗೆ ಮೂತ್ರ ಹೊಯ್ದರೆ ತಕ್ಷಣ ಕಡಿಮೆ ಆಗುತ್ತೆ ಅಂತ ವಿಡಿಯೋದಲ್ಲಿ ತೋರಿಸಿದ್ರು

ಡಾಕ್ಟ್ರು, 5:41
ಆಗಲ್ಲ. ಇನ್ನೂ ಸಿಡಿಯದ ವಿಷದ ಮುಳ್ಳುಗಳು ಅದರಿಂದ ಸಿಡಿಯಬಹುದು.

ಮೆಡಿಕಲ್ ಶಾಪ್ ಅಣ್ಣ, 5:43
ವಿನೆಗರ್ ಹಾಕಬಹುದು ಅಲ್ವಾ ಮೇಡಂ?

ಕ್ಲಾಕ್ ಟವರ್ ಗೆಳೆಯ, 5:43
ವಿನೆಗರ್ ಬೀಚಿಗೆ ಯಾರು ತಗೊಂಡೋಗ್ತಾರೆ ಅಣ್ಣ, ಗೋಬಿ ಅಂಗಡಿನಾ? ಮೂತ್ರ ಅಂದ್ರೆ ಜೊತೆಗೇ ಇರುತ್ತೆ

ಹಾಲಿನ ಡೇರಿ, 5:44
ಹೆಂಗಸರು ಮಕ್ಕಳಿರೋ ಗ್ರೂಪಪ್ಪ ಇದು

ಡಾಕ್ಟ್ರು, 5:46
ವಿನೆಗರ್ ಬಾಕ್ಸ್ ಜೆಲ್ಲಿ ಫಿಶ್ ಎಂಬ ಜಾತಿಗೆ ಉಪಯೋಗ, ಎಲ್ಲಾ ಜಾತಿಗೂ ಅಲ್ಲ. ಯಾವುದು ಕುಟುಕಿತು ಅಂತ ನಿಮಗೆ ಗೊತ್ತಾಗಲ್ಲ. ಲೈಫ್‌ಗಾರ್ಡ್ ಕೇಳಿ.

ಬಂಗಾರಪೇಟೆ ಅಕ್ಕ, 5:50
ಮೇಡಂ ನಂದು ಘಾಟಿ ವಾಂತಿ ಪ್ರಶ್ನೆ ಮೇಲೆ ಹೋಗ್ಬಿಡ್ತು

ಟೊಮ್ಯಾಟೊ ಮಂಡಿ, 5:51
ಅಕ್ಕ ನಿಂಬೆಹಣ್ಣು ಮೂಸಿಸಿ

ಮಾಲೂರು ಸೊಸೆ, 5:51
ಸೀಟಿನ ಮೇಲೆ ಪೇಪರ್ ಹಾಸಿ ಕೂರಿಸಿ ಅಕ್ಕ, ನಮ್ಮ ಅಮ್ಮ ಹಂಗೇ ಮಾಡ್ತಿದ್ರು. ಪೇಪರ್ ಕನ್ನಡದ್ದೇ ಆಗ್ಬೇಕು ಅಂತೇನಿಲ್ಲ 😄

ಕೆಜಿಎಫ್ ಹುಡುಗ, 5:55
ಡಾಕ್ಟ್ರೇ ನಾನು ಎಂಟನೇ ವಯಸ್ಸಿಂದ ಬಾವಿಯಲ್ಲಿ ಈಜು. ಮೇಲಿಂದ ಡೈವ್ ಹೊಡೀತೀನಿ. ಫ್ರೆಂಡ್ಸ್ ಫ್ಯಾಮಿಲಿ ಜೊತೆ ಓಂ ಬೀಚಿಗೆ ಹೋಗ್ತಿದೀವಿ. ಲೈಫ್‌ಗಾರ್ಡ್ ಸುಮ್ನೆ ಸೀಟಿ ಊದಿ ಆಚೆ ಕಳಿಸ್ತಾರಂತೆ. ಈಜು ಬರೋವ್ರಿಗೂ ಯಾಕೆ?

ಡಾಕ್ಟ್ರು, 6:12
ನಿಮ್ಮ ಪ್ರಶ್ನೆಗೆ ಉದ್ದಕ್ಕೆ ಉತ್ತರ ಬರೀತೀನಿ, ಯಾಕಂದ್ರೆ ನನಗೆ ಹೆದರಿಕೆ ನಿಮ್ಮಂಥವರದ್ದೇ.

ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯೋ ನದಿ ಒಂದೂ ಇಲ್ಲ. ಬೆಂಗಳೂರಲ್ಲಿ ಶುದ್ಧ ಮಾಡಿ ಕಳಿಸೋ ಕೆ.ಸಿ. ವ್ಯಾಲಿ ನೀರು ಬರೋವರೆಗೂ ಕೆರೆ ತುಂಬಿದ್ದನ್ನೇ ನೋಡದ ಮಕ್ಕಳು ನಮ್ಮವರು. ಈಜು ಕಲಿತಿದ್ದೆಲ್ಲಾ ಬಾವಿಯಲ್ಲಿ. ಬಾವಿಯ ನೀರು ನಿಂತಿರುತ್ತೆ. ಸುಸ್ತಾದರೆ ನಾಲ್ಕು ಕೈ ಹೊಡೆದರೆ ಗೋಡೆ, ಗೋಡೆಯಲ್ಲಿ ಕಲ್ಲಿನ ಮೆಟ್ಟಿಲು. ಹಾಗಾಗಿ ಹೆದರಿದಾಗ ಗೋಡೆ ಕಡೆ ಜೋರಾಗಿ ಈಜು ಅಂತ ಮೈ ಕಲಿತುಬಿಟ್ಟಿದೆ. ಸಮುದ್ರದಲ್ಲಿ ಕೊಲ್ಲೋದು ಆ ಅಭ್ಯಾಸವೇ.

ಅಲೆ ದಡಕ್ಕೆ ನೀರು ತಂದು ಸುರೀತಾನೇ ಇರುತ್ತೆ. ಆ ನೀರು ವಾಪಸ್ ಹೋಗಬೇಕಲ್ಲ? ಮರಳಿನ ದಿಬ್ಬ ಎಲ್ಲಿ ತಗ್ಗಾಗಿದೆಯೋ ಅಲ್ಲಿ ಒಟ್ಟಾಗಿ, ಕಾಲುವೆ ಹಾಗೆ ಒಳಗೆ ನುಗ್ಗುತ್ತೆ. ಇದಕ್ಕೆ ರಿಪ್ ಕರೆಂಟ್ ಅಂತಾರೆ. ಮೋಸ ಎಲ್ಲಿದೆ ಅಂದ್ರೆ, ಆ ಜಾಗದಲ್ಲಿ ಅಲೆ ಒಡೆಯಲ್ಲ. ಎರಡೂ ಕಡೆ ಬಿಳೀ ನೊರೆ, ನಡುವೆ ಒಂದು ಪಟ್ಟಿ ಶಾಂತವಾಗಿ, ಸ್ವಲ್ಪ ಕಪ್ಪಗೆ ಅಥವಾ ಮರಳು ಕದಡಿದ ಬಣ್ಣದಲ್ಲಿ ಕಾಣುತ್ತೆ. ಮಕ್ಕಳಿರೋ ತಾಯಿ "ಇಲ್ಲಿ ಅಲೆ ಕಮ್ಮಿ ಇದೆ, ಇಲ್ಲೇ ಆಡಿ" ಅಂತ ಕಳಿಸೋದು ಸರಿಯಾಗಿ ಅಲ್ಲಿಗೇ. ಜೋರಿದ್ದಾಗ ಅದು ಸೆಕೆಂಡಿಗೆ ಎರಡು ಮೀಟರ್ ಎಳೆಯಬಲ್ಲದು, ಒಲಿಂಪಿಕ್ಸ್ ಈಜುಗಾರನಿಗೂ ಎದುರು ಈಜಲು ಆಗಲ್ಲ.

ಸಿಕ್ಕಿಕೊಂಡರೆ ದಡದ ಕಡೆ ಈಜಬೇಡಿ. ಅಂಗಾತ ತೇಲಿ, ಉಸಿರು ಹಿಡಿತಕ್ಕೆ ತಂದುಕೊಳ್ಳಿ, ಕೈ ಎತ್ತಿ ಕರೆಯಿರಿ. ಆ ಸೆಳೆತ ನಿಮ್ಮನ್ನು ದೂರ ಒಯ್ಯುತ್ತೆ, ಆದರೆ ತಳಕ್ಕೆ ಎಳೆಯಲ್ಲ, ಮುಳುಗಿಸೋದು ಸುಸ್ತು. ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ, ಅಂದ್ರೆ ದಡ ನಿಮ್ಮ ಪಕ್ಕಕ್ಕೆ ಇರೋ ಹಾಗೆ, ಈಜಿ. ಪಟ್ಟಿ ಅಗಲ ಇರಲ್ಲ. ಆಚೆ ಬಂದ ಮೇಲೆ ಅಲೆಯ ಜೊತೆ ಓರೆಯಾಗಿ ದಡಕ್ಕೆ. ಸ್ನೇಹಿತ ಸಿಕ್ಕಿಕೊಂಡರೆ ನೀವು ಹಾರಬೇಡಿ. ತೇಲೋದು ಏನಾದ್ರೂ ಎಸೆಯಿರಿ: ಖಾಲಿ ಕ್ಯಾನು, ಟ್ಯೂಬು. ಒಬ್ಬನನ್ನು ಉಳಿಸಲು ಹೋಗಿ ಮೂವರ ಹೆಣ ಬರೋದು ಹೀಗೇ.

2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ ಪ್ರವಾಸಕ್ಕೆ ಹೋದ ನಮ್ಮ ಮುಳಬಾಗಿಲು ತಾಲ್ಲೂಕಿನ ನಾಲ್ವರು ಹೆಣ್ಣುಮಕ್ಕಳು ಸಮುದ್ರದ ಪಾಲಾದರು. ಅದು ಮಳೆಗಾಲವೂ ಅಲ್ಲ. ಸೀಟಿ ಊದಿದರೆ ಆಚೆ ಬನ್ನಿ.

ಕೆಜಿಎಫ್ ಹುಡುಗ, 6:14
ಸರಿ ಮೇಡಂ 🙏

ಮುಳಬಾಗಿಲು ದೋಸೆ, 6:16
ಆ ಮಕ್ಕಳ ವಿಷಯ ನೆನೆಸಿಕೊಂಡ್ರೆ ಈಗಲೂ ಹೊಟ್ಟೆ ಕಲಸುತ್ತೆ. ಟೂರು ಅಂತ ಕರ್ಕೊಂಡೋದ್ಮೇಲೆ ಮೇಷ್ಟ್ರುಗಳು ಸೆಲ್ಫಿ ತಗೊಂಡು ನಿಂತಿರ್ತಾರೆ. ಎಲ್ಲಾ ಕಡೆ ಇದೇ ಕತೆ.

ಮಾಲೂರು ಮೇಷ್ಟ್ರು, 6:19
ಸ್ವಾಮಿ, ಎಲ್ಲಾ ಕಡೆ ಅಂದ್ರೆ ಏನರ್ಥ? ನಾನು ಹದಿನೆಂಟು ವರ್ಷದಿಂದ ಮಕ್ಕಳನ್ನ ಟೂರಿಗೆ ಕರ್ಕೊಂಡು ಹೋಗ್ತಿದೀನಿ. ಐವತ್ತು ಮಕ್ಕಳಿಗೆ ಮೂರು ಜನ ನಾವು. ನಿಮ್ಮ ಮನೆಯ ಇಬ್ಬರನ್ನ ನೀವಿಬ್ರು ನೋಡ್ಕೊಳ್ಳೋದಕ್ಕೇ ಈ ಗ್ರೂಪಲ್ಲಿ ಸಲಹೆ ಕೇಳ್ತಿದೀರಿ.

ಮುಳಬಾಗಿಲು ದೋಸೆ, 6:20
ಮೂರೇ ಜನ ಇದ್ರೆ ಸಮುದ್ರಕ್ಕೆ ಯಾಕೆ ಕರ್ಕೊಂಡೋಗ್ಬೇಕು? ಕೋಟಿಲಿಂಗೇಶ್ವರ ತೋರಿಸಿ ಸಾಕು.

ಮಾಲೂರು ಮೇಷ್ಟ್ರು, 6:22
ಕೋಟಿಲಿಂಗೇಶ್ವರಕ್ಕೆ ಕರ್ಕೊಂಡೋದ್ರೆ "ಪಕ್ಕದ ಶಾಲೆಯವರು ಸಮುದ್ರ ತೋರಿಸಿದ್ರು, ನೀವೇನ್ರೀ ಇಲ್ಲೇ ಜಿಲ್ಲೆಯೊಳಗೇ ಟೂರು" ಅಂತ ಬರೋರು ಇದೇ ಪೋಷಕರು.

ಶ್ರೀನಿವಾಸಪುರ ಮಾವು, 6:24
ಮೇಷ್ಟ್ರೇ ಬಿಡಿ. ಮೇಡಂ, ಸನ್‌ಸ್ಕ್ರೀನ್ ಮಕ್ಕಳಿಗೆ ಬೇರೆ ದೊಡ್ಡವರಿಗೆ ಬೇರೆನಾ?

ಡಾಕ್ಟ್ರು, 6:25
ಒಂದೇ ಸಾಕು. ಮೇಲೆ ಬರೆದಿದೀನಿ.

ಮುಳಬಾಗಿಲು ದೋಸೆ, 6:26
ಬಿಡಿ ಅಂದ್ರೆ ಹೆಂಗ್ ಬಿಡೋದು. ಸತ್ತಿದ್ದು ನಮ್ಮ ತಾಲ್ಲೂಕಿನ ಮಕ್ಕಳು.

ಮಾಲೂರು ಸೊಸೆ, 6:33
ಕಿವಿಗೆ ನೀರು ಹೋದ್ರೆ ಬೆಳ್ಳುಳ್ಳಿ ಎಣ್ಣೆ ಬೆಚ್ಚಗೆ ಬಿಡಬಹುದಾ ಮೇಡಂ?

ಡಾಕ್ಟ್ರು, 6:34
ಬೇಡ. ತಲೆ ವಾಲಿಸಿ, ಟವೆಲಿನಿಂದ ಒರೆಸಿ. ಕಡ್ಡಿ ಹಾಕಬೇಡಿ.

ವೇಮಗಲ್ ಮನೆ, 6:48
ಮೇಡಂ ನಾವು ಗೋಕರ್ಣದಿಂದ ವಾಪಸ್ ಬರ್ತಿದೀವಿ ಕಾರಲ್ಲಿ. ಮಗನಿಗೆ ಆರು ವರ್ಷ. ಬೆಳಗ್ಗೆ ಹನ್ನೊಂದರ ಹತ್ತಿರ ಅಲೆ ಹೊಡೆದು ಬಿದ್ದ, ಒಂದರ್ಧ ನಿಮಿಷ ಕಾಣಲಿಲ್ಲ, ಇವರು ಎತ್ಕೊಂಡ್ರು. ತುಂಬಾ ಕೆಮ್ಮಿದ, ನೀರು ಕಕ್ಕಿದ, ಆಮೇಲೆ ಸರಿ ಹೋದ, ಐಸ್‌ಕ್ರೀಂ ಕೂಡ ತಿಂದ. ಕೆಮ್ಮು ಮಾತ್ರ ನಿಂತಿಲ್ಲ. ಈಗ ತೂಕಡಿಸ್ತಿದಾನೆ, ಬಿಸಿಲಲ್ಲಿ ಆಡಿದ ಸುಸ್ತು ಅಂತಾರೆ ಇವರು. ಮನೆಗೆ ಹೋಗಿ ನಾಳೆ ನಿಮ್ಮ ಹತ್ರ ತೋರಿಸಬಹುದಾ?

ಡಾಕ್ಟ್ರು, 6:49
ಈಗ ಎಲ್ಲಿದೀರಿ?

ಡಾಕ್ಟ್ರು, 6:49
ಮಗುವಿನ ಅಂಗಿ ಎತ್ತಿ. ಮೊಬೈಲಲ್ಲಿ ಒಂದು ನಿಮಿಷ ಇಟ್ಟು ಹೊಟ್ಟೆ ಎಷ್ಟು ಸಲ ಏರುತ್ತೆ ಎಣಿಸಿ. ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಹೋಗ್ತಿದೆಯಾ ನೋಡಿ. ತುಟಿ ಬಣ್ಣ ಹೇಳಿ.

ಮೆಡಿಕಲ್ ಶಾಪ್ ಅಣ್ಣ, 6:50
ಎಲ್ಲರೂ ಸ್ವಲ್ಪ ಹೊತ್ತು ಸುಮ್ನಿರಿ

ವೇಮಗಲ್ ಮನೆ, 6:53
ರಾಣೆಬೆನ್ನೂರು ದಾಟಿದ್ವಿ, ಹರಿಹರ ಬರ್ತಿದೆ. 44 ಸಲ. ಪಕ್ಕೆ ಒಳಗೆ ಹೋಗ್ತಿದೆ ಮೇಡಂ. ತುಟಿ ಕತ್ತಲಲ್ಲಿ ಸರಿಯಾಗಿ ಕಾಣಲ್ಲ

ಡಾಕ್ಟ್ರು, 6:55
ಕೋಲಾರಕ್ಕೆ ಬರಬೇಡಿ. ಮನೆಗೂ ಬೇಡ, ನಾಳೆಯೂ ಬೇಡ. ನೇರ ದಾವಣಗೆರೆ. ಹರಿಹರದಿಂದ ಅರ್ಧ ಗಂಟೆಯೊಳಗೆ, ದೊಡ್ಡ ಆಸ್ಪತ್ರೆಗಳಿವೆ, ಮಕ್ಕಳ ಐಸಿಯು ಇರೋ ಕಡೆಗೇ ಹೋಗಿ. ತುರ್ತು ವಿಭಾಗದಲ್ಲಿ "ಮಗು ಬೆಳಗ್ಗೆ ನೀರಿನಲ್ಲಿ ಮುಳುಗಿತ್ತು, ಈಗ ಉಸಿರಾಟ 44" ಅಂತ ಇಷ್ಟೇ ಹೇಳಿ, ಕೆಮ್ಮು ಅಂತ ಶುರು ಮಾಡಬೇಡಿ, ಸಾಲಿನಲ್ಲಿ ಕೂರಿಸಿಬಿಡ್ತಾರೆ.

ಮಗುವನ್ನು ಮಲಗಿಸಬೇಡಿ, ತೊಡೆ ಮೇಲೆ ನೇರ ಕೂರಿಸಿ. ನೀರು, ಹಾಲು, ಬಿಸ್ಕೆಟ್ ಏನೂ ಬೇಡ. ಕೆಮ್ಮಿನ ಸಿರಪ್ ಖಂಡಿತ ಬೇಡ. ಮಾತಾಡಿಸ್ತಾ ಇರಿ. ತುಟಿ ನೀಲಿ ಆದರೆ ಅಥವಾ ಕರೆದರೆ ಕಣ್ಣು ಬಿಡದಿದ್ದರೆ ಗಾಡಿ ನಿಲ್ಲಿಸಿ 108ಕ್ಕೆ ಫೋನ್ ಮಾಡಿ, ನನಗೂ ಮಾಡಿ, ನಂಬರ್ ಅಡ್ಮಿನ್ ಕೊಡ್ತಾರೆ. ನಿಮ್ಮ ಯಜಮಾನರಿಗೆ ಹೇಳಿ, ಸ್ಪೀಡ್ ಬೇಡ, ನಿಲ್ಲಿಸೋದೂ ಬೇಡ.

ವೇಮಗಲ್ ಮನೆ, 6:56
ಸರಿ

ಕ್ಲಾಕ್ ಟವರ್ ಗೆಳೆಯ, 7:02
*ತಪ್ಪದೇ ಎಲ್ಲರಿಗೂ ಕಳಿಸಿ!! ನೀರಲ್ಲಿ ಮುಳುಗಿದವರನ್ನ ಒಂದೂವರೆ ಕ್ವಿಂಟಲ್ ಉಪ್ಪಿನಲ್ಲಿ ಹೂತಿಟ್ಟರೆ ಉಪ್ಪು ದೇಹದ ನೀರು ಹೀರಿ ನಾಲ್ಕು ಗಂಟೆಯಲ್ಲಿ ಜೀವ ಬರುತ್ತದೆ. ಡಾಕ್ಟರುಗಳು ಇದನ್ನು ಹೇಳುವುದಿಲ್ಲ!!*

ಡಾಕ್ಟ್ರು, 7:04
ಅಡ್ಮಿನ್, ಇದನ್ನು ಅಳಿಸಿ. ಬೇಡ, ಅಳಿಸಬೇಡಿ, ಇರಲಿ, ಎಲ್ಲರೂ ನೋಡಲಿ.

2022ರಲ್ಲಿ ಬಳ್ಳಾರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಇಂಥದ್ದೇ ಒಂದು ಮೆಸೇಜ್ ನಂಬಿ, ನೀರಲ್ಲಿ ಮುಳುಗಿದ ಹುಡುಗನನ್ನು ಉಪ್ಪಿನ ರಾಶಿಯಲ್ಲಿ ಹೂತು ಗಂಟೆಗಟ್ಟಲೆ ಕಾದರು. ಅಪ್ಪ ಅಮ್ಮ ಮಗು ಏಳುತ್ತೆ ಅಂತ ಕೂತಿದ್ದರು. ಆ ಉಪ್ಪಿನ ಮೂಟೆಗೆ ಓಡಾಡೋ ಹೊತ್ತಿನಲ್ಲಿ ಮಾಡಬಹುದಾದ ಕೆಲಸ ಒಂದೇ ಇತ್ತು, ಉಸಿರು ಕೊಡೋದು. ಉಸಿರು ನಿಂತ ಮೇಲೆ ಮಿದುಳಿಗೆ ಇರೋದು ಕೆಲವೇ ನಿಮಿಷ. ನಾಲ್ಕು ಗಂಟೆ ಅಲ್ಲ.

ನಾನು ಹೌಸ್‌ಸರ್ಜನ್ ಆಗಿದ್ದಾಗ ಒಬ್ಬ ಹುಡುಗನನ್ನು ತಂದರು. ದಡದಲ್ಲಿ ಕಾಲು ಹಿಡಿದು ತಲೆಕೆಳಗೆ ತಿರುಗಿಸಿದ್ದರು, ಹೊಟ್ಟೆ ಮೇಲೆ ಕೂತು ನೀರು ತೆಗೆಸಿದ್ದರು. ಹದಿನೈದು ನಿಮಿಷ ಅದೇ ಕೆಲಸ. ಹೊಟ್ಟೆ ಅಮುಕಿದರೆ ತಿಂದ ಅನ್ನ ಬಾಯಿಗೆ ಬಂದು ಅದೇ ಶ್ವಾಸಕೋಶಕ್ಕೆ ಇಳಿಯುತ್ತೆ. ಮುಷ್ಟಿ ಬಿಗಿಯಾಗಿತ್ತು, ಬಿಡಿಸಿದರೆ ಒಂದು ಹಿಡಿ ಮರಳು. ಅವನ ಅಜ್ಜಿ ಸೆರಗಲ್ಲಿ ಗಾಳಿ ಬೀಸ್ತಾನೇ ಇದ್ದರು.

ಕ್ಲಾಕ್ ಟವರ್ ಗೆಳೆಯ, 7:06
ಬಂದಿದ್ದನ್ನ ಹಾಕಿದೆ ಅಷ್ಟೇ ಮೇಡಂ, ಒಳ್ಳೇದಾಗಲಿ ಅಂತ. ಇಷ್ಟಕ್ಕೆ ಅವಮಾನ ಮಾಡೋದಾ

ಮೆಡಿಕಲ್ ಶಾಪ್ ಅಣ್ಣ, 7:07
ಆ ತಾಯಿ ಇದೇ ಗ್ರೂಪ್ ನೋಡ್ತಿದಾರೆ ಕಣೋ, ಉಸಿರಾಡ್ತಿರೋ ಮಗು ತೊಡೆ ಮೇಲಿದೆ. ನಿಂಗೆ ಬುದ್ಧಿ ಎಲ್ಲಿದೆ

ಕ್ಲಾಕ್ ಟವರ್ ಗೆಳೆಯ, 7:07
ಏಕವಚನ ಬೇಡ

ಮಾಲೂರು ಮೇಷ್ಟ್ರು, 7:09
ಮೇಡಂ, ಹಾಗಾದ್ರೆ ದಡದಲ್ಲಿ ನಾವು ಏನು ಮಾಡಬೇಕು? ಜನವರಿಯಲ್ಲಿ ಟೂರಿದೆ. ಸರಿಯಾಗಿ ಕಲೀಬೇಕು ನಾನು.

ಡಾಕ್ಟ್ರು, 7:21
ಕೇಳಿದ್ದಕ್ಕೆ ಸಂತೋಷ ಮೇಷ್ಟ್ರೇ. ನೀರಿಂದ ತೆಗೆದ ಮಗು ಉಸಿರಾಡ್ತಿದ್ದರೆ ಪಕ್ಕಕ್ಕೆ ವಾಲಿಸಿ ಮಲಗಿಸಿ, ಒದ್ದೆ ಬಟ್ಟೆ ತೆಗೆದು ಬೆಚ್ಚಗಿಡಿ. ಉಸಿರಾಡದಿದ್ದರೆ ಅಂಗಾತ ಮಲಗಿಸಿ, ಗದ್ದ ಎತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿ ಕೊಟ್ಟು ಐದು ಸಲ ಊದಿ, ಎದೆ ಏರಬೇಕು. ಹಾರ್ಟ್ ಅಟ್ಯಾಕ್ ವಿಡಿಯೋದಲ್ಲಿ ಬರೀ ಎದೆ ಒತ್ತೋದು ತೋರಿಸ್ತಾರೆ. ಮುಳುಗಿದವರಿಗೆ ಮೊದಲು ಉಸಿರು, ಯಾಕಂದ್ರೆ ಇಲ್ಲಿ ನಿಂತದ್ದು ಗಾಳಿ. ಆಮೇಲೆ ಎದೆಯ ನಡುವೆ 30 ಸಲ ಒತ್ತಿ, 2 ಸಲ ಊದಿ, ಅದೇ ಲೆಕ್ಕದಲ್ಲಿ ಮುಂದುವರಿಸಿ. ಮಗುವಿನ ಎದೆಯ ದಪ್ಪದ ಮೂರನೇ ಒಂದು ಭಾಗ ತಗ್ಗಬೇಕು, ನಿಮಿಷಕ್ಕೆ 100ರಿಂದ 120 ವೇಗ. ನೊರೆ ಬಂದರೆ ಒರೆಸುತ್ತಾ ಕೂರಬೇಡಿ, ಊದಿ. ಇನ್ನೊಬ್ಬರು 108 ಅಥವಾ 112ಕ್ಕೆ. ಓದಿದರೆ ಬರಲ್ಲ ಇದು. ಒಂದು ಭಾನುವಾರ ನಿಮ್ಮ ಶಾಲೆಗೆ ಇದನ್ನು ಅಭ್ಯಾಸ ಮಾಡೋ ಗೊಂಬೆ ತಗೊಂಡು ಬರ್ತೀನಿ.

ಇನ್ನೊಂದು. ವೇಮಗಲ್ ಮನೆಯವರ ವಿಷಯ ನೋಡಿ "ಡ್ರೈ ಡ್ರೌನಿಂಗ್" ಅಂತ ಫಾರ್ವರ್ಡ್ ಬರುತ್ತೆ, ಚೆನ್ನಾಗಿ ಆಡ್ತಿದ್ದ ಮಗು ವಾರದ ಮೇಲೆ ಸತ್ತೇಹೋಯಿತು ಅಂತ. ಆ ಥರದ ಹೆಸರುಗಳು ಬೇಡ ಅಂತ 2002ರಲ್ಲೇ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ ತಜ್ಞರು ತೀರ್ಮಾನಿಸಿದರು. ಶ್ವಾಸಕೋಶಕ್ಕೆ ನೀರು ಹೋದರೆ ಗಾಳಿಗೂಡುಗಳನ್ನು ತೆರೆದಿಡೋ ತೆಳು ಪದರ ತೊಳೆದುಹೋಗಿ ಅವು ಒಂದೊಂದೇ ಮುದುಡುತ್ತವೆ. ಇದು ಸದ್ದಿಲ್ಲದೆ ಬರಲ್ಲ. ನಿಲ್ಲದ ಕೆಮ್ಮು, ಬೇಗ ಬೇಗ ಉಸಿರು, ಮಂಕು, ಎಲ್ಲಾ ಕೆಲವು ಗಂಟೆಗಳಲ್ಲೇ ಕಾಣುತ್ತೆ. ಒಂದು ಗುಟುಕು ನೀರು ಕುಡಿದು ಎರಡು ಸಲ ಕೆಮ್ಮಿ ಓಡಿಹೋದ ಮಗುವಿಗೆ ಏನೂ ಆಗಲ್ಲ. ಆದರೆ ನೀರಿನೊಳಗೆ ಕಾಣೆಯಾಗಿ, ಎತ್ತಿದ ಮೇಲೂ ಕೆಮ್ಮುತ್ತಿರೋ ಮಗುವನ್ನು ಐಸ್‌ಕ್ರೀಂ ತಿಂದಿತು ಅಂತ ಕಾರು ಹತ್ತಿಸಬಾರದು. ಅಲ್ಲೇ ಹತ್ತಿರದ ಆಸ್ಪತ್ರೆಯಲ್ಲಿ ಏಳೆಂಟು ಗಂಟೆ ಕೂರಬೇಕು. ರೂಮಿನ ಬಾಡಿಗೆ ಹೋದರೆ ಹೋಗಲಿ.

ಬಂಗಾರಪೇಟೆ ಅಕ್ಕ, 7:30
ಮೇಡಂ ಆ ಮಗು ಹೆಂಗಿದೆಯಂತೆ? ನಂದು ವಾಂತಿ ಪ್ರಶ್ನೆ ಆಮೇಲೆ ಹೇಳಿದ್ರೂ ಆಯ್ತು

ಅಡ್ಮಿನ್, 7:31
ಸಮಯ ಮುಗೀತು, ಆದ್ರೂ ಮೇಡಂ ಇದಾರೆ. ದಯವಿಟ್ಟು ಅನಗತ್ಯ ಮೆಸೇಜ್ ಬೇಡ.

ಮುಳಬಾಗಿಲು ದೋಸೆ, 7:33
ಅನಗತ್ಯ ಅಂದ್ರೆ ಯಾವ್ದು ಅಂತ ಅಡ್ಮಿನ್ ಹೇಳಲಿ. ನಾನು ಕೇಳಿದ್ದಕ್ಕೆ ಮೇಷ್ಟ್ರು ಉತ್ತರ ಕೊಟ್ಟಿಲ್ಲ.

ಹಾಲಿನ ಡೇರಿ, 7:40
ಸನ್‌ಸ್ಕ್ರೀನ್ ವಿಷಯ ಮೇಲೆ ಏನೋ ಹೇಳಿದ್ರಲ್ಲ, ಎಷ್ಟು ನಂಬರು?

ಡಾಕ್ಟ್ರು, 7:40
ಮೇಲೆ.

ವೇಮಗಲ್ ಮನೆ, 8:52
ಮೇಡಂ ಅಡ್ಮಿಟ್ ಮಾಡ್ಕೊಂಡ್ರು. ಬಂದಾಗ ಆಕ್ಸಿಜನ್ 86 ಇತ್ತಂತೆ. ಮಾಸ್ಕ್ ಹಾಕಿದ ಮೇಲೆ 95. ಎಕ್ಸ್‌ರೇಯಲ್ಲಿ ಎರಡೂ ಕಡೆ ಬಿಳಿ ಕಾಣುತ್ತೆ ಅಂದ್ರು. ಐಸಿಯುನಲ್ಲಿದಾನೆ. "ಕಾರ್ ಯಾಕೆ ನಿಂತಿದೆ" ಅಂತ ಕೇಳಿದ. ಇವರು ಹೊರಗೆ ಮೆಟ್ಟಿಲ ಮೇಲೆ ಕೂತಿದಾರೆ, ಮಾತಾಡ್ತಿಲ್ಲ.

ಡಾಕ್ಟ್ರು, 8:54
ಮಾತಾಡಿದನಲ್ಲ, ಒಳ್ಳೆಯದು. ಅಲ್ಲಿನ ಡ್ಯೂಟಿ ಡಾಕ್ಟ್ರಿಗೆ ನನ್ನ ನಂಬರ್ ಕೊಡಿ. ಇನ್ನೆರಡು ದಿನ ಅಲ್ಲೇ ಆಗಬಹುದು, ಬಟ್ಟೆ ತರಿಸಿಕೊಳ್ಳಿ. ಯಜಮಾನರಿಗೆ ಏನಾದ್ರೂ ತಿನ್ನಿಸಿ. ಅವರೇ ಅಲ್ವಾ ಎತ್ತಿದ್ದು.

ಟೊಮ್ಯಾಟೊ ಮಂಡಿ, 8:57
ದೇವರು ದೊಡ್ಡವನು. ಅಕ್ಕ, ದಾವಣಗೆರೆ ಮಂಡಿಯಲ್ಲಿ ನಮ್ಮವರಿದಾರೆ, ಊಟ ಕಳಿಸ್ತೀನಿ, ಆಸ್ಪತ್ರೆ ಯಾವುದು ಅಂತ ನನಗೆ ಮಾತ್ರ ಕಳಿಸಿ. ಮೇಡಂ, ನಮ್ಮ ಕಾವಲು ಪಟ್ಟಿ ಬರೆದಾಯ್ತು. ಮೊದಲ ಪಾಳಿ ನಂದೇ.

ಕ್ಲಾಕ್ ಟವರ್ ಗೆಳೆಯ, 9:01
ಒಳ್ಳೇದಾಯ್ತು. ಆದ್ರೂ ಏಕವಚನದ ಬಗ್ಗೆ ಅಡ್ಮಿನ್ ಏನೂ ಹೇಳಲಿಲ್ಲ.

ಅಡ್ಮಿನ್, 9:02
ಬೆಳಗ್ಗೆವರೆಗೂ ಗ್ರೂಪ್ ಲಾಕ್ ಮಾಡ್ತಿದೀನಿ. ಮೇಡಂಗೆ ಧನ್ಯವಾದ.

ಬಂಗಾರಪೇಟೆ ಅಕ್ಕ, 9:02
ಅಯ್ಯೋ ತಡೀರಪ್ಪ, ಮೇಡಂ ವಾಂತಿಗೆ

ಡಾಕ್ಟ್ರು, 9:02
ಅಕ್ಕ, ನಾಳೆ ಓಪಿಡಿ ಮುಗಿಸಿ ನಿಮ್ಮದೇ ಮೊದಲು ಬರೀತೀನಿ.

ಬಂಗಾರಪೇಟೆ ಅಕ್ಕ, 9:02
ನಮ್ಮ ಬಸ್ಸು ಬೆಳಗ್ಗೆ ಐದೂವರೆಗೆ ಮೇಡಂ